ಅಜ್ಜಿಯ ಮುಂಗೈ ಮೇಲಿನ ಚೇಳು: ಹಚ್ಚೆಗೂ ಚುಚ್ಚಿಸಿದ ಕಿವಿ ಮೂಗಿಗೂ ವಯಸ್ಸಾದಾಗ

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ನನಗೆ ಈಗ 26 ವರ್ಷ. ಕೆಲಸ ಹಾಸನದಲ್ಲಿ, ಊರು ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿ. ಊರಿನಲ್ಲಿ ನಮ್ಮ ಅಜ್ಜಿ ಇದ್ದಾರೆ, ಅವರಿಗೆ 84 ತುಂಬಿದೆ. ಅವರ ಬಲ ಮುಂಗೈ ಮೇಲೆ ಒಂದು ಚೇಳು, ಎಡ ಮುಂಗೈಯ ಒಳಮಗ್ಗುಲಲ್ಲಿ ಒಂದು ತುಳಸಿಕಟ್ಟೆ, ಬೆರಳಿನ ಗೆಣ್ಣುಗಳ ಮೇಲೆ ಚುಕ್ಕೆಗಳು ಇವೆ. ಹನ್ನೆರಡನೆಯ ವಯಸ್ಸಿನಲ್ಲಿ, ಒಕ್ಕಣೆಯ ಕಾಲಕ್ಕೆ ಊರಿಗೆ ಬಂದಿದ್ದ ಕೊರವಂಜಿಯೊಬ್ಬಳು ಜಗಲಿಯ ಮೇಲೆ ಕೂರಿಸಿಕೊಂಡು ಹೊಯ್ದ ಹಚ್ಚೆಗಳವು. ಅದಕ್ಕೆ ಒಂದು ಮೊರ ರಾಗಿಯನ್ನೂ ಒಂದು ಹಳೆಯ ಸೀರೆಯನ್ನೂ ಕೊಟ್ಟರಂತೆ.

ಹೋದ ತಿಂಗಳು ಅಜ್ಜಿಯ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಾಗ ಆ ಚೇಳನ್ನು ಮೊದಲ ಸಲ ನಿಧಾನವಾಗಿ ನೋಡಿದೆ. ಬಾಲಕ್ಕೆ ಒಂಬತ್ತು ಚುಕ್ಕೆಗಳನ್ನು ಇಟ್ಟಿದ್ದರಂತೆ. ಮೈಗೆ ಹತ್ತಿರವಿರುವ ನಾಲ್ಕು ಚುಕ್ಕೆಗಳು ಈಗ ಒಂದಕ್ಕೊಂದು ಸೇರಿ ದಪ್ಪನೆಯ ಗೆರೆಯಾಗಿವೆ, ತುದಿಯ ಕಡೆಯ ಐದು ಇನ್ನೂ ಬಿಡಿಬಿಡಿಯಾಗಿಯೇ ಉಳಿದಿವೆ. ಚರ್ಮ ಸುಕ್ಕುಗಟ್ಟಿರುವುದರಿಂದ ಕಾಲುಗಳು ಮಡಚಿಕೊಂಡಂತೆ ಕಾಣುತ್ತವೆ. ಎರಡು ಬೆರಳಿನಿಂದ ಚರ್ಮವನ್ನು ಮೆಲ್ಲನೆ ಎಳೆದು ಹಿಡಿದರೆ ಎಂಟೂ ಕಾಲುಗಳು ಬಿಚ್ಚಿಕೊಂಡು ಚೇಳು ಪೂರ್ತಿಯಾಗಿ ಕಾಣುತ್ತದೆ. ತುಳಸಿಕಟ್ಟೆ ಮಾತ್ರ ಹಾಗಿಲ್ಲ. ಎಷ್ಟು ಎಳೆದು ಹಿಡಿದರೂ ಅದು ಹಸಿರು ಬೆರೆತ ಒಂದು ಕಲೆಯೇ ಹೊರತು, ಕಟ್ಟೆ ಯಾವುದು, ಗಿಡ ಯಾವುದು ಎಂದು ಹೇಳಲು ಬರುವುದಿಲ್ಲ.

ನನಗೆ ಅದೇ ಚೇಳನ್ನು ನನ್ನ ಕೈ ಮೇಲೆ ಹಾಕಿಸಿಕೊಳ್ಳಬೇಕೆಂಬ ಆಸೆ. ಕಿವಿಯ ಮೇಲ್ಭಾಗದಲ್ಲಿ ಇನ್ನೊಂದು ತೂತು ಚುಚ್ಚಿಸುವ ಯೋಚನೆಯೂ ಇದೆ. ಅಮ್ಮ ಎರಡಕ್ಕೂ ಒಪ್ಪುತ್ತಿಲ್ಲ. "ಈಗ ಚೆಂದ ಕಾಣುತ್ತದೆ, ಅರವತ್ತು ದಾಟಿದ ಮೇಲೆ ನೀನೇ ಮುಚ್ಚಿಕೊಂಡು ಓಡಾಡುತ್ತೀಯ" ಎನ್ನುತ್ತಾರೆ. ಹಾಗೆ ಹೇಳುವ ಅಮ್ಮನ ಎಡಗಿವಿಯ ತೂತು ಜುಮುಕಿಯ ಭಾರಕ್ಕೆ ಜಗ್ಗಿ ಅರ್ಧ ಅಂಗುಲದ ಸೀಳಾಗಿದೆ. ಆದ್ದರಿಂದ ಅವರ ಮಾತನ್ನು ತಳ್ಳಿಹಾಕಲೂ ಆಗುತ್ತಿಲ್ಲ. ಹಚ್ಚೆಗಳನ್ನೂ ಚುಚ್ಚಿಸಿದ ಕಿವಿ ಮೂಗುಗಳನ್ನೂ ಮೂವತ್ತು ನಲವತ್ತು ವರ್ಷ ಹೊತ್ತು ಬದುಕಿದವರು, ಅಂಥವರನ್ನು ಹತ್ತಿರದಿಂದ ಕಂಡವರು ದಯವಿಟ್ಟು ಬರೆಯಿರಿ. ಹಾಕಿಸಬೇಕೇ ಬೇಡವೇ ಎಂಬುದು ನನ್ನ ಪ್ರಶ್ನೆಯಲ್ಲ. ಮುಂದೆ ಅದು ಹೇಗೆ ಕಾಣುತ್ತದೆ, ಯಾಕೆ ಹಾಗಾಗುತ್ತದೆ ಎಂಬುದನ್ನು ತಿಳಿಯಬೇಕು.

ಗಿರಿಯ ತಪ್ಪಲು, ಚಿಕ್ಕಮಗಳೂರು

ನಾನು ಹನ್ನೊಂದು ವರ್ಷದಿಂದ ಚಿಕ್ಕಮಗಳೂರಿನಲ್ಲಿ ಟ್ಯಾಟೂ ಹಾಕುವ ಕೆಲಸ ಮಾಡುತ್ತಿದ್ದೇನೆ. ತಂಗಿ, ನಿಮ್ಮ ಅಜ್ಜಿಯ ಎರಡು ಕೈಗಳಲ್ಲಿ ನಮ್ಮ ಕಸುಬಿನ ಅರ್ಧ ಪಾಠವಿದೆ. ಚೇಳು ಉಳಿದದ್ದಕ್ಕೂ ತುಳಸಿಕಟ್ಟೆ ಕಲೆಯಾದದ್ದಕ್ಕೂ ಕಾರಣ ಒಂದೇ, ಗೆರೆಗಳ ನಡುವೆ ಬಿಟ್ಟ ಜಾಗ. ಚರ್ಮದೊಳಗೆ ಹೋದ ಶಾಯಿ ಇಟ್ಟ ಕಡೆಯೇ ಕದಲದೆ ನಿಲ್ಲುವುದಿಲ್ಲ. ವರ್ಷಗಳು ಕಳೆದಂತೆ ಪ್ರತಿ ಗೆರೆಯೂ ಎರಡೂ ಕಡೆಗೆ ಒಂದಿಷ್ಟು ಹರಡುತ್ತದೆ. ಹಾಕುವಾಗಲೇ ಹರಡಲು ಎಡೆ ಬಿಟ್ಟಿದ್ದರೆ ಗೆರೆ ದಪ್ಪವಾಗಿ ಕಂಡರೂ ಆಕಾರ ಕೆಡುವುದಿಲ್ಲ. ಎಡೆ ಬಿಡದಿದ್ದರೆ ಪಕ್ಕಪಕ್ಕದ ಗೆರೆಗಳು ಕೂಡಿಕೊಂಡು ಒಳಗಿನ ಬಿಳುಪು ಮುಚ್ಚಿಹೋಗುತ್ತದೆ.

ಈಗ ಬರುವವರಲ್ಲಿ ಬಹಳ ಮಂದಿ, ವಾರದ ಕೊನೆಗೆ ಗಿರಿ ನೋಡಲು ಬಂದು ನೆನಪಿಗೆಂದು ಹಾಕಿಸಿಕೊಳ್ಳುವವರೂ ಸೇರಿ, ಕೂದಲೆಳೆಯಷ್ಟು ತೆಳುವಾದ ಗೆರೆಯಲ್ಲಿ ಅಂಗುಲದೊಳಗೆ ಹಿಡಿಸುವ ಚಿತ್ರವನ್ನು ಕೇಳುತ್ತಾರೆ. ಹಾಕಿದ ದಿನ ಅದು ಅಚ್ಚು ಹೊಡೆದಂತೆ ಕಾಣುತ್ತದೆ ಎಂಬುದು ನಿಜ. ಐದಾರು ವರ್ಷದ ಬಳಿಕ ಅದೇ ಕೈಯನ್ನು ತೋರಿಸಲು ಬಂದವರನ್ನೂ ನಾನು ನೋಡಿದ್ದೇನೆ: ತೆಳುಗೆರೆಯ ಕೆಲವು ಭಾಗ ಮಾಸಿ ತುಂಡಾಗಿರುತ್ತದೆ, ಕೆಲವು ಭಾಗ ಹರಡಿ ಮಂಕಾಗಿರುತ್ತದೆ. ಬೆರಳಿನ ಪಕ್ಕ, ಅಂಗೈ ಅಂಚು, ಪಾದದ ಬದಿ ಇನ್ನೂ ಬೇಗ ಕೆಡುವ ಜಾಗಗಳು, ಏಕೆಂದರೆ ಅಲ್ಲಿ ಉಜ್ಜಾಟ ಹೆಚ್ಚು.

ಕನ್ನಡ ಅಕ್ಷರಗಳ ಬಗ್ಗೆ ಬಿಡಿಸಿ ಹೇಳಲೇಬೇಕು, ಏಕೆಂದರೆ ಹೊರಗಿನ ನಮೂನೆಗಳನ್ನು ನೋಡಿ ಕಲಿತವರು ಇದನ್ನು ಯೋಚಿಸುವುದೇ ಇಲ್ಲ. ನಮ್ಮ ಅಕ್ಷರಗಳು ದುಂಡಗೆ, ಒಳಗೆ ಪೊಳ್ಳು ಜಾಗ ಇಟ್ಟುಕೊಂಡಂಥವು. 'ಠ' ಎಂಬುದು ಒಂದು ಸುತ್ತು ಮತ್ತು ನಡುವಿನ ಒಂದು ಚುಕ್ಕೆ. ಚಿಕ್ಕದಾಗಿ ಹಾಕಿದರೆ ಇಪ್ಪತ್ತು ವರ್ಷದಲ್ಲಿ ಅದು ಬರೀ ಕಪ್ಪು ಬೊಟ್ಟಾಗಬಹುದು. 'ಧ'ಗೂ 'ದ'ಗೂ, 'ಭ'ಗೂ 'ಬ'ಗೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಆ ಸೀಳು ಹರಡಿ ಅಳಿಸಿಹೋದರೆ ಮಹಾಪ್ರಾಣ ಹೋಗಿ ಅಲ್ಪಪ್ರಾಣ ಉಳಿಯುತ್ತದೆ, ತಾಯಿಯ ಹೆಸರೇ ಬೇರೆಯಾಗಿ ಓದಿಸಿಕೊಳ್ಳುತ್ತದೆ. ಒತ್ತಕ್ಷರಗಳ ಪಾಡು ಇದಕ್ಕಿಂತ ಕಷ್ಟ. ಒಂದೂವರೆ ಸೆಂಟಿಮೀಟರಿಗಿಂತ ಚಿಕ್ಕ ಅಕ್ಷರವನ್ನು ನಾನು ಹಾಕುವುದಿಲ್ಲ. ಇದರಿಂದ ಎದ್ದುಹೋದ ಗಿರಾಕಿಗಳೂ ಇದ್ದಾರೆ, ಆದರೆ ಮುಂದೆ ಓದಲಾಗದ ಅಕ್ಷರವನ್ನು ಗೊತ್ತಿದ್ದೂ ಒಬ್ಬರ ಮೈಮೇಲೆ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಚರ್ಮವೈದ್ಯೆ, ಹಾಸನ

ಮೇಲಿನವರು ಕಣ್ಣಿನಿಂದ ಕಂಡು ಹೇಳಿದ್ದಕ್ಕೆ ಒಳಗೆ ನಡೆಯುವ ಕೆಲಸವನ್ನು ನಾನು ಸೇರಿಸುತ್ತೇನೆ. ನಮ್ಮ ಹೊರಚರ್ಮ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಉದುರಿ ಹೊಸದಾಗುತ್ತಲೇ ಇರುತ್ತದೆ. ಶಾಯಿ ಅಲ್ಲಿ ನಿಂತರೆ ಹಚ್ಚೆ ಎರಡು ತಿಂಗಳೂ ಬಾಳುವುದಿಲ್ಲ. ಸೂಜಿ ಅದನ್ನು ದಾಟಿ, ಒಂದರಿಂದ ಎರಡು ಮಿಲಿಮೀಟರ್ ಆಳದಲ್ಲಿರುವ ಒಳಚರ್ಮದಲ್ಲಿ ಶಾಯಿಯನ್ನು ಇಡುತ್ತದೆ. ಹೊರಗಿನ ವಸ್ತು ಬಂದಿದೆಯೆಂದು ದೇಹದ ಕಾವಲು ಜೀವಕೋಶಗಳಾದ ಮ್ಯಾಕ್ರೋಫೇಜ್‌ಗಳು ಬಂದು ಶಾಯಿಯ ಕಣಗಳನ್ನು ನುಂಗುತ್ತವೆ, ಆದರೆ ಅವನ್ನು ಕರಗಿಸಲಾರವು. ಆ ಜೀವಕೋಶ ಸತ್ತಾಗ ಶಾಯಿ ಹೊರಬೀಳುತ್ತದೆ, ಪಕ್ಕಕ್ಕೆ ಬಂದ ಹೊಸ ಜೀವಕೋಶ ಅದನ್ನು ಮತ್ತೆ ನುಂಗುತ್ತದೆ. ಫ್ರಾನ್ಸಿನ ಸಂಶೋಧಕರು ಇಲಿಗಳ ಮೇಲೆ ಇದನ್ನು ತೋರಿಸಿ 2018ರಲ್ಲಿ ಪ್ರಕಟಿಸಿದರು. ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಈ ಕೆಲಸ ಜೀವನವಿಡೀ ನಡೆಯುವುದರಿಂದ ಹಚ್ಚೆ ಅಳಿಯುವುದಿಲ್ಲ. ಪ್ರತಿ ಸಲ ದಾಟುವಾಗ ಕೂದಲೆಳೆಯಷ್ಟಾದರೂ ಸ್ಥಾನ ಬದಲಾಗುವುದರಿಂದ ಅಂಚು ಚೂಪಾಗಿಯೂ ಉಳಿಯುವುದಿಲ್ಲ. ಶಾಯಿಯ ಒಂದು ಪಾಲು ದುಗ್ಧರಸದ ಗ್ರಂಥಿಗಳಿಗೂ ಹೋಗಿ ಸೇರುತ್ತದೆ.

ಅಜ್ಜಿಯ ಹಚ್ಚೆಗೆ ಬಳಸಿರುವುದು ದೀಪದ ಕಪ್ಪು, ಎಂದರೆ ಇಂಗಾಲ. ಅದನ್ನು ಎದೆಹಾಲಿನಲ್ಲೋ ಸೊಪ್ಪಿನ ರಸದಲ್ಲೋ ಕಲಸುತ್ತಿದ್ದರು. ಕಪ್ಪು ಮಸಿ ಯಾಕೆ ನೀಲಿಹಸಿರಾಗಿ ಕಾಣುತ್ತದೆ ಎಂದು ಅನೇಕರು ಕೇಳುತ್ತಾರೆ. ಆಳದಲ್ಲಿರುವ ಕಪ್ಪು ವಸ್ತುವಿನ ಮೇಲಿನ ಚರ್ಮವು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸಿ ನಮ್ಮ ಕಣ್ಣಿಗೆ ಕಳಿಸುವುದರಿಂದ ಹಾಗೆ ಕಾಣುತ್ತದೆ. ಕೆಲವು ಹಸುಗೂಸುಗಳ ಬೆನ್ನಿನ ಕೆಳಗೆ ಕಾಣುವ ನೀಲಿ ಮಚ್ಚೆಗೂ ಕಾರಣ ಇದೇ. ಬಾಳಿಕೆಯಲ್ಲಿ ಇಂಗಾಲಕ್ಕೆ ಸಮನಾದದ್ದಿಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, 5,000 ವರ್ಷಕ್ಕೂ ಹಿಂದಿನ ಓಟ್ಸಿ ಎಂಬ ಮನುಷ್ಯನ ಮೈಮೇಲೆ 61 ಹಚ್ಚೆಗಳನ್ನು ಎಣಿಸಿದ್ದಾರೆ. ಅವೂ ಮಸಿಯವೇ, ಬಹುಪಾಲು ಸರಳವಾದ ಗೆರೆಗಳು. ಬಣ್ಣದ ಶಾಯಿಗಳಿಗೆ ಈ ಗಟ್ಟಿತನವಿಲ್ಲ. ನಮ್ಮ ಮೈಬಣ್ಣದಲ್ಲಿರುವ ಮೆಲನಿನ್ ಶಾಯಿಯ ಮೇಲೆ ಕಂದು ಗಾಜಿನಂತೆ ಕೂರುವುದರಿಂದ ಹಳದಿ, ಬಿಳಿ, ತಿಳಿಗುಲಾಬಿ ಬಣ್ಣಗಳು ಮೊದಲಿಗೇ ಮಂಕಾಗಿ, ಕೆಲ ವರ್ಷದಲ್ಲಿ ಕಾಣದಂತಾಗುತ್ತವೆ. ಅಲರ್ಜಿಯ ತುರಿಕೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಕೆಂಪು ಶಾಯಿಯಲ್ಲಿ. ಅದು ಎಷ್ಟೋ ವರ್ಷದ ಮೇಲೂ ಶುರುವಾಗಬಹುದು.

ಇನ್ನು ಚರ್ಮದ ವಯಸ್ಸು. ವಯಸ್ಸಾದಂತೆ ಕೊಲಾಜನ್, ಎಲಾಸ್ಟಿನ್ ಎಂಬ ನಾರುಗಳು ಕಡಿಮೆಯಾಗಿ ಚರ್ಮ ತೆಳುವಾಗುತ್ತದೆ, ಜೋಲುತ್ತದೆ. ತೋಳಿನ ಒಳಮಗ್ಗುಲು, ಹೊಟ್ಟೆ, ಎದೆ ಹೆಚ್ಚು ಬದಲಾಗುವ ಭಾಗಗಳು. ಬಸಿರು, ಬಾಣಂತನ, ಮೈ ಬರುವುದು, ಇಳಿಯುವುದು ಎಲ್ಲವೂ ಅಲ್ಲಿಯ ಚಿತ್ರವನ್ನು ಎಳೆಯುತ್ತವೆ. ಮುಂಗೈ, ಮೀನಖಂಡದ ಹೊರಮಗ್ಗುಲು, ಬೆನ್ನಿನ ಮೇಲ್ಭಾಗ ಅಷ್ಟಾಗಿ ಬದಲಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಹಚ್ಚೆಯನ್ನು ಮಾಸಿಸುವುದು ಬಿಸಿಲು. ಮಚ್ಚೆಯ ಮೇಲೆ ಮಾತ್ರ ಎಂದಿಗೂ ಹಚ್ಚೆ ಹಾಕಿಸಬೇಡಿ. ಮಚ್ಚೆಯ ಬಣ್ಣವೋ ಅಂಚೋ ಬದಲಾದರೆ ಅದು ರೋಗದ ಸೂಚನೆಯಿರಬಹುದು. ಹಚ್ಚೆಯ ಕೆಳಗೆ ಅದು ನಮಗೆ ಕಾಣುವುದಿಲ್ಲ.

ತೋಟದ ರೈಟರ್, ಮೂಡಿಗೆರೆ

ಬಿಸಿಲಿನ ಬಗ್ಗೆ ಮೇಡಂ ಹೇಳಿದ ಮಾತಿಗೆ ನಮ್ಮ ತಂದೆಯ ಕೈಯೇ ಸಾಕ್ಷಿ. ಅವರು ಇಪ್ಪತ್ತರ ಪ್ರಾಯದಲ್ಲಿ ಜಾತ್ರೆಯಲ್ಲಿ ಎರಡು ಹಚ್ಚೆ ಹಾಕಿಸಿಕೊಂಡರು, ಬಲತೋಳಿನ ಮೇಲೆ ಆಂಜನೇಯ, ಅದೇ ಕೈಯ ಮುಂಗೈ ಮೇಲೆ ಅವರ ಹೆಸರು. ಒಬ್ಬನೇ ಮನುಷ್ಯ, ಒಂದೇ ದಿನ, ಒಂದೇ ಮಸಿ. ನಲವತ್ತು ವರ್ಷ ಅರ್ಧತೋಳಿನ ಅಂಗಿ ತೊಟ್ಟು ಕಾಫಿ ಕಣದ ಬಿಸಿಲಿನಲ್ಲಿ ಬೀಜ ಹರಡಿಸುತ್ತಾ ನಿಂತರು. ಅಂಗಿಯ ತೋಳಿನೊಳಗಿದ್ದ ಆಂಜನೇಯನ ಗದೆಯ ಗೆರೆಗಳನ್ನು ಈಗಲೂ ಎಣಿಸಬಹುದು. ಹೊರಗಿದ್ದ ಹೆಸರಿನ ಐದು ಅಕ್ಷರಗಳಲ್ಲಿ ಎರಡು ಮಾತ್ರ ಓದಲು ಬರುತ್ತವೆ. ತೋಟದ ನೆರಳಿನಲ್ಲಿ ಕೆಲಸ ಮಾಡಿದ ನಮ್ಮ ಚಿಕ್ಕಪ್ಪನ ಮುಂಗೈಯ ಹೆಸರು ಅಷ್ಟು ಮಾಸಿಲ್ಲ.

ಅಕ್ಕಸಾಲಿಗರ ಮನೆಯ ಸೊಸೆ, ಬೇಲೂರು

ಕಿವಿ ಮೂಗಿನ ವಿಷಯವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನಮ್ಮ ಮಾವನವರು ಐವತ್ತು ವರ್ಷ ಕಿವಿ ಚುಚ್ಚಿದವರು. ನಾನು ಚಿನ್ನದ ಕೆಲಸಕ್ಕೆ ಕೂರದಿದ್ದರೂ, ಬಂದ ಹೆಂಗಸರ ಕಿವಿಗೆ ಓಲೆ ಹಾಕಿ ತಿರುಪು ಬಿಗಿಯುವುದು ಮೂವತ್ತು ವರ್ಷದಿಂದ ನನ್ನ ಕೆಲಸ. ವಯಸ್ಸಾದ ಕಿವಿಯನ್ನು ನಾನು ನೋಡಿದಷ್ಟು ಕನ್ನಡಿಯೂ ನೋಡಿರಲಿಕ್ಕಿಲ್ಲ.

ಹಾಲೆಯಲ್ಲಿ ಮೂಳೆಯಿಲ್ಲ, ಬರೀ ಚರ್ಮ ಮತ್ತು ಕೊಬ್ಬು. ಹರೆಯದಲ್ಲಿ ಅದು ಹಲಸಿನ ತೊಳೆಯಂತೆ ದಪ್ಪವಾಗಿರುತ್ತದೆ, ಅರವತ್ತರ ಹೊತ್ತಿಗೆ ವೀಳ್ಯದೆಲೆಯಂತೆ ತೆಳ್ಳಗಾಗುತ್ತದೆ. ಅದೇ ಜುಮುಕಿಯನ್ನು ಇಪ್ಪತ್ತೈದರಲ್ಲಿ ಹೊತ್ತ ಕಿವಿ ಅರವತ್ತರಲ್ಲಿ ಹೊರಲಾರದು. ತೂತು ಮೊದಲು ಸಾಸಿವೆಯಷ್ಟಿರುತ್ತದೆ, ಆಮೇಲೆ ಅಕ್ಕಿಕಾಳಿನಂತೆ ಉದ್ದವಾಗುತ್ತದೆ, ಆಮೇಲೆ ಗೆರೆಯಾಗುತ್ತದೆ. ಗೆರೆಯ ಕೆಳಗೆ ದಾರದಷ್ಟು ಚರ್ಮ ಉಳಿದಿರುವಾಗಲೂ "ಇದೊಂದು ಮದುವೆ ಮುಗಿಯಲಿ" ಎಂದು ಬೆಂಡೋಲೆ ತೊಟ್ಟುಕೊಂಡು ಹೋಗಿ, ಮಗುವೊಂದು ಎಳೆದಾಗಲೋ ಸೀರೆಯ ಸೆರಗಿಗೆ ಸಿಕ್ಕಾಗಲೋ ಹರಿದುಕೊಂಡು ಬಂದವರನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಭಾರದ ಓಲೆಗೆ ಮಾಟಿ ಹಾಕಿ ಅದನ್ನು ಮೇಲಕ್ಕೆ ಕೂದಲಿಗೆ ಸಿಕ್ಕಿಸುತ್ತಿದ್ದದ್ದು ಅಲಂಕಾರಕ್ಕೆಂದು ಈಗಿನವರು ತಿಳಿದಿದ್ದಾರೆ. ಓಲೆಯ ಭಾರವನ್ನು ಕಿವಿಯಿಂದ ತಲೆಗೆ ವರ್ಗಾಯಿಸುವುದೇ ಅದರ ಕೆಲಸ.

ಚುಚ್ಚುವ ಜಾಗವೂ ಮುಖ್ಯ. ಮಾವನವರು ಹಾಲೆಯ ನಡುಮಧ್ಯಕ್ಕಿಂತ ಒಂದೆಳೆ ಮೇಲೆ ಮಸಿಯ ಗುರುತಿಟ್ಟು, ಮಗುವನ್ನು ನೆಟ್ಟಗೆ ಕೂರಿಸಿ ಎರಡೂ ಕಿವಿಗಳನ್ನು ಎದುರಿನಿಂದ ನೋಡಿ, ಆಮೇಲೆ ತಂತಿ ಹಿಡಿಯುತ್ತಿದ್ದರು. ಕೆಳಗೆ ಚುಚ್ಚಿದ ತೂತು ಬೇಗ ಅಂಚಿಗೆ ಬರುತ್ತದೆ. ಬುಗುಡಿಗೆಂದು ಮೇಲ್ಗಿವಿಯಲ್ಲಿ ಚುಚ್ಚಿಸಿದ ತೂತುಗಳು ಮಾತ್ರ ಜಗ್ಗುವುದಿಲ್ಲ. ಬುಗುಡಿ ಬಿಟ್ಟು ಮೂವತ್ತು ವರ್ಷವಾದ ಅಜ್ಜಿಯರ ಕಿವಿಯಲ್ಲಿ ಆ ಜಾಗ ಸೂಜಿಯ ಮೊನೆ ಒತ್ತಿದಂಥ ಒಂದು ಕುಳಿಯಾಗಿ ನಿಂತಿರುತ್ತದೆ, ಅಷ್ಟೆ.

ಜೋಲುಗಿವಿಯನ್ನು ನಮ್ಮ ಸೀಮೆಯಲ್ಲಿ ಕುರೂಪವೆಂದು ಎಣಿಸಿದವರಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಶ್ರವಣಬೆಳಗೊಳದ ಗೊಮ್ಮಟನ ಹಾಲೆಗಳು ಉದ್ದಕ್ಕೆ ಇಳಿದಿವೆ, ಉದ್ದ ಕಿವಿ ಮಹಾಪುರುಷರ ಲಕ್ಷಣವೆಂದೇ ಶಿಲ್ಪಿಗಳು ಕಡೆದರು. 1117ರಲ್ಲಿ ಪ್ರತಿಷ್ಠೆಯಾದ ನಮ್ಮೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಕಿವಿಗಳಲ್ಲಿ ಅಗಲವಾದ ಓಲೆಗಳಿವೆ. ಅವರ ಮೂಗಿನಲ್ಲಿ ಮೂಗುತಿಯನ್ನು ಮಾತ್ರ ನಾನು ಕಂಡಿಲ್ಲ.

ಮೂಗುಬೊಟ್ಟು, ಅರಕಲಗೂಡು

ಮೂಗಿನ ಮಾತು ಬಂದದ್ದರಿಂದ ನನ್ನ ಅನುಭವವನ್ನು ಬರೆಯುತ್ತೇನೆ. ನನಗೆ 67 ವರ್ಷ. ಒಂಬತ್ತನೆಯ ವಯಸ್ಸಿನಲ್ಲಿ ಮೂಗು ಚುಚ್ಚಿ, ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ ಸಿಕ್ಕಿಸಿದ್ದರು. ಯಜಮಾನರು ಹೋದಾಗ ಹಿರಿಯರು ಹೇಳಿದಂತೆ ಮೂಗುತಿಯನ್ನು ತೆಗೆದಿಟ್ಟೆ. ಅದಾಗಿ ಹದಿನೈದು ವರ್ಷ ಆಯಿತು. ಹೋದ ವರ್ಷ ಮಗಳು, "ಅಮ್ಮ, ನಿನ್ನ ಮುಖ ನನಗೆ ನೆನಪಿರುವುದೇ ಮೂಗುತಿಯ ಜೊತೆಗೆ, ಮತ್ತೆ ಹಾಕಿಕೋ" ಎಂದಳು. ನನಗೂ ಆಸೆಯಾಯಿತು. ಕನ್ನಡಿಯ ಮುಂದೆ ನಿಂತು ಹಾಕಲು ಹೋದರೆ ಕಡ್ಡಿ ಒಳಗೆ ಇಳಿಯಲೇ ಇಲ್ಲ. ಹೊರಗೆ ತೂತು ಹಾಗೆಯೇ ಕಾಣುತ್ತದೆ, ಒಳಮಗ್ಗುಲಲ್ಲಿ ಮುಚ್ಚಿಕೊಂಡುಬಿಟ್ಟಿದೆ. ಒತ್ತಾಯ ಮಾಡಬಾರದೆಂದು ಪರಿಚಯದ ಅಕ್ಕಸಾಲಿಗರು ಹೇಳಿದರು. ಕೊನೆಗೆ ಅದೇ ಕುಳಿಯ ಪಕ್ಕದಲ್ಲಿ ಹೊಸದಾಗಿ ಚುಚ್ಚಿಸಿಕೊಂಡೆ. ಈ ವಯಸ್ಸಿನಲ್ಲಿ ಮಾಯಲು ನಾಲ್ಕು ತಿಂಗಳಿಗೂ ಹೆಚ್ಚು ಹಿಡಿಯಿತು. ಹಳೆಯ ಕುಳಿಯೂ ಇದೆ, ಹೊಸ ಬೊಟ್ಟೂ ಇದೆ; ಎರಡೂ ನನ್ನವೇ ಆದ್ದರಿಂದ ಒಂದನ್ನು ಮರೆಮಾಡಬೇಕೆಂದು ನನಗೆ ಅನ್ನಿಸಿಲ್ಲ.

ಭದ್ರೆಯ ಬಯಲು, ತರೀಕೆರೆ

ಅಳಿಸಲು ಹೊರಟವನ ಮಾತೂ ಇಲ್ಲಿರಲಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಜಾತ್ರೆಯಲ್ಲಿ, ಬ್ಯಾಟರಿಯ ಯಂತ್ರ ಇಟ್ಟುಕೊಂಡು ಕೂತವರ ಹತ್ತಿರ ಒಂದು ಹೆಸರನ್ನೂ ಹಸಿರು ಬಳ್ಳಿಯನ್ನೂ ಬರೆಸಿಕೊಂಡೆ. ನನ್ನ ಮುಂದಿನವನಿಗೆ ಬಳಸಿದ ಸೂಜಿಯನ್ನೇ ನೀರಿನಲ್ಲಿ ಅದ್ದಿ ನನಗೂ ಬಳಸಿದರು. ಅದರಿಂದ ಹೆಪಟೈಟಿಸ್‌ನಂಥ ರೋಗ ಹರಡಬಹುದೆಂಬುದು ಆಗ ನನಗೆ ತಿಳಿದಿರಲಿಲ್ಲ. ಪುಣ್ಯಕ್ಕೆ ಏನೂ ಆಗಲಿಲ್ಲ, ಆದರೆ ರಕ್ತ ಕೊಡಲು ಹೋದಾಗ, ಹಚ್ಚೆ ಹಾಕಿಸಿಕೊಂಡು 12 ತಿಂಗಳು ಆಗಿರಬೇಕೆಂದು ಹೇಳಿ ವಾಪಸು ಕಳಿಸಿದರು.

ಮೂವತ್ತನಾಲ್ಕರಲ್ಲಿ ಲೇಸರ್ ಮಾಡಿಸಿದೆ. ಲೇಸರ್ ಶಾಯಿಯನ್ನು ಉಜ್ಜಿ ತೆಗೆಯುವುದಿಲ್ಲ, ಕಣಗಳನ್ನು ಪುಡಿ ಮಾಡುತ್ತದೆ. ಪುಡಿಯಾದದ್ದನ್ನು ದೇಹವೇ ನಿಧಾನವಾಗಿ ಸಾಗಿಸಬೇಕು. ಹಾಗಾಗಿ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಆರರಿಂದ ಎಂಟು ವಾರ ಬಿಡುತ್ತಾರೆ. ನನಗೆ ಒಂಬತ್ತು ಸಲ ಆಯಿತು, ಒಂದೂವರೆ ವರ್ಷ ಹಿಡಿಯಿತು. ಕಪ್ಪು ಅಕ್ಷರಗಳು ಬಹುಮಟ್ಟಿಗೆ ಹೋದವು, ಹಸಿರು ಬಳ್ಳಿ ಹೋಗಲಿಲ್ಲ. ಹೆಸರಿದ್ದ ಜಾಗದ ಚರ್ಮ ಸುತ್ತಲಿನದಕ್ಕಿಂತ ಬೆಳ್ಳಗಾಗಿ, ದೀಪದ ಎದುರು ಕೈ ತಿರುಗಿಸಿದರೆ ಆ ಹೆಸರನ್ನು ಬಿಳಿ ಅಕ್ಷರದಲ್ಲಿ ಓದಬಹುದು. ಮುಂದೆ ವಯಸ್ಸಾದಾಗ ಹೇಗಿರುತ್ತದೆ ಎಂದು ಕೇಳುವವರು, ಅಳಿಸಿದ ಹಚ್ಚೆಗೂ ವಯಸ್ಸಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಚರ್ಮವೈದ್ಯೆ, ಹಾಸನ

ತರೀಕೆರೆಯವರು ಬರೆದಿರುವುದು ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ಫಲಿತಾಂಶ. ಕಂದು ಮೈಬಣ್ಣದವರಿಗೆ 1064 ನ್ಯಾನೋಮೀಟರ್ ತರಂಗಾಂತರದ ಲೇಸರ್ ಹೆಚ್ಚು ಸುರಕ್ಷಿತ, ಏಕೆಂದರೆ ಅದು ಮೆಲನಿನ್ನನ್ನು ಕಡಿಮೆ ತಾಗಿ ಕಪ್ಪು ಶಾಯಿಯನ್ನು ಚೆನ್ನಾಗಿ ಹಿಡಿಯುತ್ತದೆ. ಹಸಿರಿಗೆ ಬೇರೆ ತರಂಗಾಂತರ ಬೇಕು, ಅದು ನಮ್ಮ ಚರ್ಮದ ಸ್ವಂತ ಬಣ್ಣವನ್ನೂ ತೆಗೆದುಬಿಡಬಹುದು.

ಕಿವಿಯ ಬಗ್ಗೆ ಬೇಲೂರಿನವರು ಹೇಳಿದ್ದಕ್ಕೆ ಒಂದು ಅಂಕಿ ಸೇರಿಸುತ್ತೇನೆ. 1995ರಲ್ಲಿ ಬ್ರಿಟನ್ನಿನ ವೈದ್ಯರು 206 ಮಂದಿಯ ಕಿವಿ ಅಳೆದು, ವಯಸ್ಸಿನೊಂದಿಗೆ ಕಿವಿ ವರ್ಷಕ್ಕೆ ಸರಾಸರಿ 0.22 ಮಿಲಿಮೀಟರ್ ಉದ್ದವಾಗುತ್ತದೆಂದು ಕಂಡುಕೊಂಡರು. ಐವತ್ತು ವರ್ಷಕ್ಕೆ ಅದು ಒಂದು ಸೆಂಟಿಮೀಟರಿಗಿಂತ ಹೆಚ್ಚಾಯಿತು, ಓಲೆಯ ಭಾರ ಸೇರದೆಯೇ. ಸೀಳಿದ ಹಾಲೆಯನ್ನು ಕಿವಿಗಷ್ಟೇ ಮರಗಟ್ಟುವ ಮದ್ದು ಕೊಟ್ಟು ಹೊಲಿಯಬಹುದು, ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ. ಎರಡು ಮೂರು ತಿಂಗಳ ನಂತರ ಹೊಲಿಗೆಯ ಗುರುತಿನ ಮೇಲಲ್ಲ, ಅದರ ಪಕ್ಕಕ್ಕೆ ಮತ್ತೆ ಚುಚ್ಚಿಸಬೇಕು. ಹೇಮಾವತಿ ದಂಡೆಯವರೇ, ನಿಮ್ಮ ತಾಯಿಯವರನ್ನು ಇದಕ್ಕಾಗಿ ಕರೆತನ್ನಿ, ಹರಿಯುವವರೆಗೆ ಕಾಯಬೇಡಿ.

ತಾಂಡಾದ ಮಗಳು, ಕಡೂರು

ಇಲ್ಲಿಯವರೆಗಿನ ಬರಹಗಳಲ್ಲಿ ಮಾಸಿತು, ಕೆಟ್ಟಿತು, ಹರಡಿತು ಎಂಬ ಮಾತುಗಳೇ ಹೆಚ್ಚಾಗಿವೆ. ನಮ್ಮ ಲಂಬಾಣಿ ತಾಂಡಾದಲ್ಲಿ ನಮ್ಮ ಅವ್ವನ ತಲೆಮಾರಿನ ಹೆಂಗಸರಿಗೆ ಗಲ್ಲದ ಮೇಲೆ, ಕೈಗಳ ಮೇಲೆ ಹಚ್ಚೆಯ ಚುಕ್ಕೆಗಳಿವೆ. ಅವ್ವನ ಕಣ್ಣಿನ ಕೊನೆಯಲ್ಲಿ ಮೂರು ಚುಕ್ಕೆಗಳಿದ್ದವು. ನಕ್ಕಾಗ ಸುಕ್ಕಿನೊಳಗೆ ಎರಡು ಮುಚ್ಚಿಹೋಗಿ ಒಂದೇ ಕಾಣುತ್ತಿತ್ತು, ನಗು ನಿಂತ ಮೇಲೆ ಮೂರೂ ಹಿಂದಿರುಗುತ್ತಿದ್ದವು. ಸತ್ತಾಗ ಜೊತೆಗೆ ಬರುವ ಒಡವೆ ಹಚ್ಚೆಯೊಂದೇ ಎಂದು ಅವರು ನಂಬಿದ್ದರು. ಬೆಳ್ಳಿಯ ಕಡಗಗಳನ್ನು ಬರಗಾಲದಲ್ಲಿ ಮಾರಿದರು, ಚುಕ್ಕೆಗಳನ್ನು ಯಾರೂ ಕೊಂಡೊಯ್ಯಲಿಲ್ಲ. ಮಸುಕಾದ ಚುಕ್ಕೆ ಕೆಟ್ಟದಾಗಿ ಕಾಣುತ್ತದೆ ಎಂಬ ಮಾತನ್ನು ನಾನು ನಮ್ಮ ತಾಂಡಾದಲ್ಲಿ ಕೇಳಿದವಳಲ್ಲ, ಓದಲು ಪಟ್ಟಣಕ್ಕೆ ಬಂದ ಮೇಲೆಯೇ ಕೇಳಿದ್ದು.

ಹೇಮಾವತಿ ದಂಡೆ, ಹಾಸನ

ಕಡೂರಿನ ಅಕ್ಕ, ನಿಮ್ಮ ಬರಹವನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ, ಮೂರು ಚುಕ್ಕೆಗಳ ಭಾಗವನ್ನು ಮಾತ್ರ ಇನ್ನೊಮ್ಮೆ ಓದಿಸಿಕೊಂಡರು. ಚಿಕ್ಕಮಗಳೂರಿನವರಿಗೆ ಎರಡು ಪ್ರಶ್ನೆಗಳಿವೆ: ಚೇಳನ್ನು ಅಜ್ಜಿಯ ಕೈಯಲ್ಲಿ ಈಗ ಕಾಣುವಂತೆ ತೆಗೆದುಕೊಳ್ಳಬೇಕೋ, ಮೊದಲು ಇದ್ದಂತೆಯೋ? ಎಷ್ಟು ದೊಡ್ಡದಿರಬೇಕು? ವೈದ್ಯರಿಗೆ ಒಂದು ಪ್ರಶ್ನೆ: ಮೇಲ್ಗಿವಿಯನ್ನು ಚುಚ್ಚಿಸುವುದರಲ್ಲಿ ನಾನು ನೋಡಿಕೊಳ್ಳಬೇಕಾದದ್ದು ಏನು?

ಗಿರಿಯ ತಪ್ಪಲು, ಚಿಕ್ಕಮಗಳೂರು

ಮೊದಲು ಇದ್ದಂತೆ ತೆಗೆದುಕೊಳ್ಳಿ. ಈಗಿನ ರೂಪವನ್ನು ನಕಲು ಮಾಡಿದರೆ, ಎಪ್ಪತ್ತು ವರ್ಷದ ಹರಡುವಿಕೆಯ ಮೇಲೆ ನಿಮ್ಮ ಚರ್ಮದ ಹರಡುವಿಕೆಯೂ ಸೇರಿ ಬಾಲ ಪೂರ್ತಿ ಒಂದೇ ಗೆರೆಯಾಗುತ್ತದೆ. ಅಜ್ಜಿಯ ಕೈಯನ್ನು ನೀವು ಎಳೆದು ಹಿಡಿದಾಗ ಕಂಡ ಚೇಳಿನ ಅಳತೆಯನ್ನು ತೆಳುಕಾಗದದ ಮೇಲೆ ಗುರುತಿಸಿಕೊಳ್ಳಿ. ಬಾಲದ ತುದಿಯ ಐದು ಚುಕ್ಕೆಗಳ ನಡುವೆ ಆ ಕೊರವಂಜಿ ಎಷ್ಟು ಎಡೆ ಬಿಟ್ಟಿದ್ದಳೋ ಅಷ್ಟೇ ಎಡೆಯನ್ನು ಒಂಬತ್ತಕ್ಕೂ ಕೊಡಿ, ಉದ್ದ ತಾನಾಗಿಯೇ ಸಿಗುತ್ತದೆ. ಕೈಯನ್ನು ಚಾಚಿ ಬಿಗಿ ಹಿಡಿದಾಗ ಅಚ್ಚು ಕೂರಿಸಲು ಬಿಡಬೇಡಿ, ಸಡಿಲವಾಗಿ ಇಳಿಬಿಟ್ಟು ನಿಂತಾಗ ಕೂರಿಸಿಕೊಳ್ಳಿ. ದಿನದ ಬಹುಹೊತ್ತು ಕೈ ಇರುವುದು ಹಾಗೆಯೇ. ನಿಮ್ಮ ಎದುರಿಗೇ ಹೊಸ ಸೂಜಿಯ ಪೊಟ್ಟಣ ಒಡೆಯದವರ ಹತ್ತಿರ ಕೂರಬೇಡಿ, ಅವರು ನನ್ನ ಗುರುಗಳೇ ಆಗಿದ್ದರೂ.

ಚರ್ಮವೈದ್ಯೆ, ಹಾಸನ

ಮೇಲ್ಗಿವಿ ಮೃದ್ವಸ್ಥಿ. ಅದಕ್ಕೆ ಸ್ವಂತ ರಕ್ತನಾಳಗಳಿಲ್ಲ, ಸುತ್ತಲಿನ ಪೊರೆಯಿಂದ ಪೋಷಣೆ ಪಡೆಯುತ್ತದೆ. ಹಾಲೆ ಆರರಿಂದ ಎಂಟು ವಾರದಲ್ಲಿ ಮಾಯುತ್ತದೆ, ಮೇಲ್ಗಿವಿಗೆ ಆರು ತಿಂಗಳಿಂದ ಒಂದು ವರ್ಷ ಬೇಕು. ಕೀವಾಗಿ ಮೃದ್ವಸ್ಥಿ ಕರಗಿದರೆ ಕಿವಿ ಮುದುಡಿಕೊಳ್ಳುತ್ತದೆ, ಆ ಆಕಾರ ಮುದಿವಯಸ್ಸಿನವರೆಗೂ ಉಳಿಯುತ್ತದೆ. ಒತ್ತಿ ಹೊಡೆಯುವ ಗನ್ನಿನಿಂದ ಚುಚ್ಚಿಸಬೇಡಿ, ಟೊಳ್ಳು ಸೂಜಿಯೇ ಆಗಬೇಕು. ಮೊದಲ ಆಭರಣ ನಿಕಲ್ ಬೆರೆತ ಅಗ್ಗದ ಲೋಹದ್ದಾಗಿರಬಾರದು. ಮನೆಯಲ್ಲಿ ಯಾರಿಗಾದರೂ ಗಾಯ ಮಾಗಿದ ಕಡೆ ಗಂಟಾಗಿ ಬೆಳೆಯುವ ಕೆಲಾಯ್ಡ್ ಇದೆಯೇ, ನಿಮ್ಮ ತೋಳಿನ ಬಿಸಿಜಿ (ಕ್ಷಯದ) ಅಥವಾ ಮನೆಯ ಹಿರಿಯರ ಸಿಡುಬಿನ ಚುಚ್ಚುಮದ್ದಿನ ಗುರುತು ಉಬ್ಬಿದೆಯೇ ನೋಡಿಕೊಳ್ಳಿ. ಇದ್ದರೆ ಮೇಲ್ಗಿವಿಯ ಆಸೆಯನ್ನು ಬಿಡುವುದು ಒಳ್ಳೆಯದು.

ಹೇಮಾವತಿ ದಂಡೆ, ಹಾಸನ

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಮೇಲ್ಗಿವಿಯನ್ನು ಚುಚ್ಚಿಸಲಿಲ್ಲ, ಅಮ್ಮನ ಹೆಗಲ ಮೇಲಿನ ಚುಚ್ಚುಮದ್ದಿನ ಗುರುತು ಹುಣಿಸೆಬೀಜದಷ್ಟು ಉಬ್ಬಿರುವುದನ್ನು ಚಿಕ್ಕಂದಿನಿಂದ ನೋಡುತ್ತಿದ್ದರೂ ಅದರ ಅರ್ಥ ತಿಳಿದದ್ದು ಈಗ. ಅಮ್ಮನ ಕಿವಿಯನ್ನೂ ಅದೇ ಕಾರಣಕ್ಕೆ ಬಹಳ ಎಚ್ಚರದಿಂದ ಹೊಲಿಯಬೇಕೆಂದು ಹೇಳಿದ್ದಾರೆ, ದಿನ ಗೊತ್ತಾಗಿದೆ. ಅಲ್ಲಿಯವರೆಗೆ ಅವರು ಜುಮುಕಿ ತೆಗೆದಿಟ್ಟು ಹಗುರವಾದ ಹರಳಿನ ಓಲೆ ಹಾಕಿಕೊಂಡಿದ್ದಾರೆ.

ನನ್ನ ಮೈಗೂ ಆ ಗುಣ ಬಂದಿರಬಹುದೆಂದು, ಮೊದಲು ಬಾಲದ ತುದಿಯ ಒಂದೇ ಒಂದು ಚುಕ್ಕೆಯನ್ನು ಇಡಿಸಿಕೊಂಡು ಬಂದಿದ್ದೇನೆ. ಅದು ಉಬ್ಬದೆ ಮಾಗಿದರೆ ಮಾತ್ರ, ಕೆಲವು ತಿಂಗಳು ಬಿಟ್ಟು, ವೈದ್ಯರಿಗೆ ತೋರಿಸಿ ಉಳಿದ ಚೇಳು. ತೆಳುಕಾಗದದ ಮೇಲೆ ಅಳತೆ ತೆಗೆದಾಗ ಏಳೂವರೆ ಸೆಂಟಿಮೀಟರ್ ಬಂತು. ಊರಿಗೆ ಹೋಗಿ ಅಜ್ಜಿಗೆ ಆ ಚುಕ್ಕೆಯನ್ನು ತೋರಿಸಿದೆ. ಅವರಿಗೆ ಕಣ್ಣು ಮಂಜು, ಆದ್ದರಿಂದ ನನ್ನ ಕೈಯನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು ಹೆಬ್ಬೆರಳಿನಿಂದ ಸವರಿ ನೋಡಿದರು. ಆಮೇಲೆ ತಮ್ಮ ಕೈಯ ಅದೇ ಚುಕ್ಕೆಯ ಮೇಲೆ ಬೆರಳಿಟ್ಟು, "ಇದನ್ನು ಅವಳು ಕೊನೆಗೆ ಇಟ್ಟಳು ಕಣವ್ವ, ನೀನು ಮೊದಲಿಗೇ ಇಡಿಸಿಕೊಂಡಿದ್ದೀಯ" ಎಂದರು.